ಕೃಷ್ಣೆಗಿಂತ ಒರತೆ ಹತ್ತಿರ: ಹುಣಸಗಿ ಕಣಿವೆಯ ಕಥೆ

ನೀವು ಈಗ ಇಯರ್‌ಫೋನ್ ಹಾಕ್ಕೊಂಡು ಶಹಾಪುರದಿಂದ ಸುರಪುರದ ಬಸ್‌ನಲ್ಲಿ ಕೂತಿದ್ರೆ, ಇವತ್ತಿನ ಎಪಿಸೋಡ್ ನಿಮ್ಮ ಕಿಟಕಿ ಹೊರಗಿನ ನೆಲದ್ದೇ.

ನದಿ ಕಣಿವೆ ಅಂದ್ರೆ ಶಾಲೆಯಲ್ಲಿ ನಾವು ಓದಿದ್ದು ಸಿಂಧೂ, ನೈಲ್. ದೊಡ್ಡ ನದಿ, ಮೆಕ್ಕಲು ಮಣ್ಣು, ಇಟ್ಟಿಗೆಯ ಊರು. ನಮ್ಮಲ್ಲೂ ಕೃಷ್ಣಾ, ಭೀಮಾ ಎರಡೂ ಅವ. ಆದರೆ ಇಲ್ಲಿಯ ಅತಿ ಹಳೆಯ ಜನ ನೆಚ್ಚಿಕೊಂಡದ್ದು ಹಳ್ಳ, ಒರತೆಗಳನ್ನ.

ಬಿ.ಕಾಂ.ನಲ್ಲಿ ಒಂದು ಪ್ರಶ್ನೆ ಇರ್ತಿತ್ತು: ಕಾರ್ಖಾನೆ ಎಲ್ಲಿ ಹಾಕಬೇಕು? ಕಚ್ಚಾ ಮಾಲು, ನೀರು ಹತ್ತಿರ ಇರುವಲ್ಲಿ. ಈ ಲೆಕ್ಕವನ್ನ ಹುಣಸಗಿ ಹತ್ತಿರದ ಇಸಾಂಪುರದಲ್ಲಿ ಸುಮಾರು 12 ಲಕ್ಷ ವರ್ಷಗಳ ಹಿಂದೆಯೇ ಹಾಕಿದ್ದರು! ನೆಲದಲ್ಲೇ ಸುಣ್ಣಕಲ್ಲಿನ ಚಪ್ಪಡಿ, ಪಕ್ಕದಲ್ಲೇ ಹಳ್ಳ. ಅಲ್ಲೇ ಕೂತು ಕೈಗೊಡಲಿ ಮಾಡ್ತಿದ್ದರು. ಪುಣೆಯ ಡೆಕ್ಕನ್ ಕಾಲೇಜಿನ ಪ್ರೊ. ಕೆ. ಪದ್ದಯ್ಯ ಅವರ ತಂಡ 1997ರಿಂದ ಇಲ್ಲಿ ಅಗೆದು, ಸಾವಿರಾರು ಕಲ್ಲಿನ ತುಣುಕು ಹೊರತೆಗೆಯಿತು. ಜೊತೆಗೆ ಸಿಕ್ಕ ಪ್ರಾಣಿಯ ಹಲ್ಲು ಪರೀಕ್ಷಿಸಿ ಕಾಲ ಗೊತ್ತುಮಾಡಿದರು.

ಸುತ್ತ ಎತ್ತರದ ನೆಲ, ನಡುವೆ ಬಟ್ಟಲಿನಂಥ ಕಣಿವೆ. ಮಳೆಗಾಲದಲ್ಲಿ ಜನ ಕಣಿವೆ ತುಂಬ ಚದುರಿ, ಬೇಸಿಗೆಯಲ್ಲಿ ಬತ್ತದ ಒರತೆಗಳ ಸುತ್ತ ಸೇರ್ತಿದ್ದರು ಅನ್ನೋದು ಪದ್ದಯ್ಯನವರ ವಿವರಣೆ. ಇದು ನಾಗರಿಕತೆ ಅಲ್ಲ, ಖರೆ. ಆದರೆ ಎಲ್ಲಿ ಇರಬೇಕು, ಯಾವಾಗ ಹೊರಡಬೇಕು ಅಂತ ಹೇಳಿದ್ದು ನೆಲವೇ.

ಈಗ ಸುಮಾರು 4000 ವರ್ಷಗಳ ಹಿಂದಕ್ಕೆ ಬರ್ರಿ. ಇದೇ ಸೀಮೆಯ ಬೂದಿಹಾಳ, ಹೆಸರಲ್ಲೇ ಬೂದಿ ಅದ. ದನ ಕಟ್ಟಿ, ಸೆಗಣಿ ಗುಡ್ಡೆ ಹಾಕಿ, ಸುಟ್ಟು ಸುಟ್ಟು ಬೆಳೆದ ದಿಬ್ಬ ಅಲ್ಲಿದೆ. ಸಿಂಧೂ ಜನರಿಗೆ ಮೆಕ್ಕಲು ಮಣ್ಣು ಇಟ್ಟಿಗೆ ಕೊಟ್ಟಿತು. ಮಳೆ ಕಡಿಮೆ ಇರುವ ನಮ್ಮ ನೆಲ ದನಗಾಹಿಗಳನ್ನ ಬೆಳೆಸಿತು.

ಈಗ ನಾರಾಯಣಪುರ ಜಲಾಶಯದ ಕಾಲುವೆ ಬಂದದ. ನೀರು ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೊಲ ಸಮ ಮಾಡುವಾಗ ಜೆಸಿಬಿಗೆ ಕೈಗೊಡಲಿಯೂ ಒಂದೇ, ಕಲ್ಲೂ ಒಂದೇ. ಒಮ್ಮೆ ಕದಲಿದ ಕಲ್ಲು ತಾನು ಎಲ್ಲಿತ್ತು ಅಂತ ಹೇಳಲ್ಲ.

ಹೊಲದಲ್ಲಿ ಅಂಥ ಕಲ್ಲು ಕಂಡರೆ ಮನೆಗೆ ಒಯ್ಯಬೇಡ್ರಿ. ಫೋಟೋ ತೆಗೆದು, ಜಾಗ ಗುರುತಿಟ್ಟು ಪುರಾತತ್ವ ಇಲಾಖೆಗೆ ತಿಳಿಸ್ರಿ. ಮತ್ತೆ ಸಿಗೋಣ್ರೀ.