ವಿಷ ಅಲ್ಲ, ವೈರಸ್ಸು: ಪುಚ್ಚೆಕುಞ್ಞಿಗಳ ರೋಗದ ಹಳೇ ಕತೆ

ಎಂಗಳ ಮನೆಲಿ ಪುಚ್ಚೆ ಇಲ್ಲದ್ದ ಕಾಲವೇ ಇತ್ತಿಲ್ಲೆ. ಅಡಕ್ಕೆ, ಭತ್ತ, ತೆಂಗಿನಕಾಯಿ ಇದ್ದಲ್ಲಿ ಎಲಿ ಬತ್ತು. ಎಲಿ ಇದ್ದಲ್ಲಿ ಪುಚ್ಚೆ ಬೇಕು. ಅಟ್ಟಲ್ಲಿಯೋ, ಸೌದಿ ಕೊಟ್ಟಗೆಲಿಯೋ ಕುಞ್ಞಿ ಹಾಕಿಗೊಂಡು ಇತ್ತು. ಆದರೆ ಒಂದೊಂದು ವರ್ಷ, ನಿನ್ನೆವರೆಗೆ ಬಾಲ ಹಿಡುದು ಆಡಿಗೊಂಡಿದ್ದ ಕುಞ್ಞಿಗೊ ಮೂರೇ ದಿನಲ್ಲಿ ಒಂದರ ಹಿಂದೆ ಒಂದು ಹೋಕು. ಹಾಲು ಮೂಸ. ನೀರಿನ ತಟ್ಟೆಯ ಎದುರು ತಲೆ ಬಗ್ಗುಸಿ ಕೂರುಗು, ಕುಡಿಯ. ಅರಿಶಿನ ಬಣ್ಣದ ನೊರೆ ಕಾರುಗು.

"ಆರೋ ವಿಷ ಹಾಕಿದ್ದವು" ಹೇಳಿ ಎನ್ನ ಅತ್ತೆ ಹೇಳಿಗೊಂಡಿತ್ತಿದ್ದವು. ಆರೋ ಹೇಳಿರೆ ಆರು? ಆಚಮನೆಯೋರೇ. ಹಾಂಗೆ ಒಂದರಿ ಎರಡು ಮನೆಗೊಕ್ಕೆ ವರ್ಷ ಇಡೀ ಮಾತುಕತೆ ಇತ್ತಿಲ್ಲೆ.

ನಾಕು ವರ್ಷ ಹಿಂದೆ ಪುನಾ ಹಾಂಗೇ ಆತು. ಮೂರು ಕುಞ್ಞಿಲಿ ಎರಡು ಹೋತು. ಮೂರನೇದರ ಮಗಳು ಬುಟ್ಟಿಲಿ ಮಡಿಕ್ಕೊಂಡು ಹೆರಟತ್ತು, ಆನುದೇ ಒಟ್ಟಿಂಗೆ ಹೋದೆ. ಡಾಕ್ಟ್ರು ನೋಡಿಕ್ಕಿ, "ಇದು ವಿಷ ಅಲ್ಲ ಅಕ್ಕ, ವೈರಸ್ಸು. ಪ್ಯಾನ್‌ಲ್ಯುಕೋಪೀನಿಯಾ" ಹೇಳಿದವು. ಆ ಹೆಸರು ನಾಲಗೆಲಿ ತಿರುಗುಲೆ ಎನಗೆ ಎರಡು ದಿನ ಬೇಕಾತು. ಪಿ.ಯು.ಸಿ.ಲಿ ಓದಿದ ಬಯಾಲಜಿಯ ನೆಂಪು ಮಾಡಿಗೊಂಡು, ಮಗಳ ಹತ್ರೆ ಕೇಳಿಗೊಂಡು, ಈ ರೋಗದ ಚರಿತ್ರೆಯ ರಜ್ಜ ರಜ್ಜವೇ ಓದಿದೆ.

ಇದು ವೈರಸ್ಸು ಹೇಳಿ ತೋರ್ಸಿದ್ದು 1928ರಲ್ಲಿ, ಫ್ರಾನ್ಸಿಲಿ. ವೆರ್ಜ್, ಕ್ರಿಸ್ತೊಫೊರೊನಿ ಹೇಳ್ತ ಇಬ್ರು. ಬೇಕ್ಟೀರಿಯಕ್ಕೆ ದಾಂಟುಲೆ ಎಡಿಯದ್ದಷ್ಟು ಸಣ್ಣ ಒಟ್ಟೆಯ ಫಿಲ್ಟರಿಲಿ ಸೋಸಿದ ಮೇಲೂ ಆ ರಸಂದ ರೋಗ ಬಂತು. ಅಂಬಗ ರೋಗದ ಬೀಜ ಬೇಕ್ಟೀರಿಯಂದಲೂ ಸಣ್ಣದು ಹೇಳಿ ಆತಲ್ಲದೋ?

1939ರಲ್ಲಿ ಅಮೇರಿಕದ ಹಾರ್ವರ್ಡಿನ ಹ್ಯಾಮನ್, ಎಂಡರ್ಸ್ ಇದರ ವಿವರವಾಗಿ ಬರದವು. ಸೀಕಿನ ಪುಚ್ಚೆಯ ರಕ್ತಲ್ಲಿ ಬೆಳಿ ಕಣಂಗೊ ಕಾಂಬಲೇ ಸಿಕ್ಕದ್ದಷ್ಟು ಕಮ್ಮಿ ಆಗಿರ್ತು. ರೋಗದ ಹೆಸರಿನ ಅರ್ಥವೂ ಅದುವೇ. ಈ ಎಂಡರ್ಸ್ ಹೇಳಿರೆ ಆರು ಗೊಂತಿದ್ದೋ? ಪೋಲಿಯೋ ವೈರಸ್ಸಿನ ಪ್ರಯೋಗಶಾಲೆಲಿ ಬೆಳೆಶಿದ್ದಕ್ಕೆ 1954ರಲ್ಲಿ ವೆಲ್ಲರ್, ರಾಬಿನ್ಸ್ ಒಟ್ಟಿಂಗೆ ನೊಬೆಲ್ ಸಿಕ್ಕಿದ ಜೆನ. ನಮ್ಮ ಮಕ್ಕೊಗೆ ಪೋಲಿಯೋ ಹನಿ ಬಪ್ಪಲೆ ದಾರಿ ಮಾಡಿಕೊಟ್ಟೋರಲ್ಲಿ ಒಬ್ಬರು ಪುಚ್ಚೆಗಳ ರೋಗವನ್ನೂ ನೋಡಿದ್ದವು!

ಈ ವೈರಸ್ಸು ಬೆಳವದು ಬೇಗ ಬೇಗ ಎರಡಪ್ಪ ಜೀವಕೋಶಂಗಳಲ್ಲಿ. ಎಲುಗಿನ ಮಜ್ಜೆ, ಕರುಳಿನ ಒಳಪದರ. ಕುಞ್ಞಿಯ ಮೈ ಹೇಳಿರೆ ಇಡೀ ಬೆಳವದೇ ಅಲ್ಲದೋ, ಹಾಂಗಾಗಿ ಅದಕ್ಕೇ ಜೋರು.

ಎನ್ನ ಅಪ್ಪನ ಮನೆಲಿ ಒಂದು ಕುಞ್ಞಿ ಹುಟ್ಟಿದಲ್ಲಿಂದಲೇ ಓಲಾಡಿಗೊಂಡು ನಡಕ್ಕೊಂಡಿತ್ತು. 'ಗಾಳಿ ತಾಗಿದ್ದು' ಹೇಳಿ ಅಜ್ಜಿಯ ಲೆಕ್ಕ. ಲಂಡನ್ನಿಲಿ 1888ರಲ್ಲೇ ಇಬ್ರು ಡಾಕ್ಟ್ರಕ್ಕೊ ಹಾಂಗೆ ಓಲಾಡುವ ಪುಚ್ಚೆಗಳ ಬಗ್ಗೆ ಬರದಿತ್ತಿದ್ದವು, ಕಾರಣ ಗೊಂತಾಯಿದಿಲ್ಲೆ. 1960ರ ದಶಕಲ್ಲಿ ಕಿಲ್ಹಮ್, ಮಾರ್ಗೊಲಿಸ್ ಹೇಳ್ತವು ಅದಕ್ಕೆ ವೈರಸ್ಸು ಕಾರಣ ಹೇಳಿ ಕಂಡುಹಿಡುದವು. ಅಬ್ಬೆಯ ಹೊಟ್ಟೆಲಿಪ್ಪಗ ಇದೇ ರೋಗದ ವೈರಸ್ಸು ತಾಗಿರೆ ಕುಞ್ಞಿಯ ಸಣ್ಣಮೆದುಳು ಸರಿ ಬೆಳೆತ್ತಿಲ್ಲೆ. ಅಜ್ಜಿಯ ಗಾಳಿಗೂ ಒಂದು ಹೆಸರು ಸಿಕ್ಕಿತ್ತು.

ಎನಗೆ ತುಂಬಾ ಮನಸ್ಸಿಂಗೆ ತಾಗಿದ್ದು ಹಾಲಿನ ವಿಷಯ. ಅಮೇರಿಕದ ಕಾರ್ನೆಲ್ ವಿಶ್ವವಿದ್ಯಾಲಯಲ್ಲಿ ಫ್ರೆಡ್ ಸ್ಕಾಟ್ ಮತ್ತೆ ಅವರ ಜೊತೆಯೋರು 1970ರಲ್ಲಿ ಇದರ ಬಗ್ಗೆ ಬರದವು. ಹುಟ್ಟಿದ ದಿನ ಕುಡುದ ಗಿಣ್ಣುಹಾಲಿಲಿ ಅಬ್ಬೆಯ ರಕ್ಷಣೆ ಕುಞ್ಞಿಗೆ ಬತ್ತು. ಆದರೆ ಅದು ಸುಮಾರು ಹತ್ತು ದಿನಕ್ಕೊಂದರಿ ಅರ್ಧ ಆಗಿಯೊಂಡು ಹೋವ್ತು. ಅದು ಜೋರಿಪ್ಪಗ ಇಂಜೆಕ್ಷನ್ ಕೊಟ್ಟರೆ, ಹಾಲಿನ ರಕ್ಷಣೆಯೇ ಆ ಮದ್ದಿನ ಹೊಡದು ಹಾಕುತ್ತು! ಮತ್ತೆ ಒಂದು ಎಡಕ್ಕು ಬತ್ತು: ಹಾಲಿನ ರಕ್ಷಣೆ ರೋಗವ ತಡವಲೆ ಸಾಲ, ಇಂಜೆಕ್ಷನ್ನಿನ ತಡವಲೆ ಧಾರಾಳ. ಎಂಗಳ ಕುಞ್ಞಿಗೊ ಎರಡು ತಿಂಗಳು ಕಳುದಪ್ಪಗಳೇ ಹೋಗಿಯೊಂಡಿದ್ದದು ಎಂತಕೆ ಹೇಳಿ ಆಗ ಅಂದಾಜಾತು.

ಈ ಎಡಕ್ಕು ಯಾವ ಕುಞ್ಞಿಗೆ ಯಾವಗ ಬತ್ತು ಹೇಳಿ ಮೈ ಮುಟ್ಟಿ ಹೇಳ್ಲೆ ಎಡಿಯ. ಹಾಂಗಾಗಿ ಒಂದು ಇಂಜೆಕ್ಷನ್ ಸಾಲ. ಆರೆಂಟು ವಾರಲ್ಲಿ ಸುರು ಮಾಡಿ, ಮೂರು-ನಾಕು ವಾರಕ್ಕೊಂದರಿ, ಹದಿನಾರು ವಾರ ಕಳಿವವರೆಗೆ ಕೊಡೆಕ್ಕು. ಮತ್ತೆ ಒಂದು ವರ್ಷದ ಒಳ ಇನ್ನೊಂದು. 'ಒಂದರಿ ಕುತ್ತಿಸಿದ್ದೆಯ, ಆದರೂ ಸತ್ತತ್ತು' ಹೇಳುವೋರು ಈ ಲೆಕ್ಕ ತಿಳ್ಕೊಳೆಕ್ಕು. ಬಸರಿ ಪುಚ್ಚೆಗೆ ಜೀವ ಇಪ್ಪ ವೈರಸ್ಸಿನ ಇಂಜೆಕ್ಷನ್ ಕೊಡ್ಲಾಗ. ಡಾಕ್ಟ್ರ ಹತ್ರೆ ಮದಾಲೇ ಹೇಳೆಕ್ಕು.

ರೋಗ ಬಂದ ಮತ್ತೆ ವೈರಸ್ಸಿನ ಕೊಲ್ಲುವ ಮದ್ದು ಇಲ್ಲೆ. ಡ್ರಿಪ್ಪು, ವಾಂತಿ ನಿಂಬಲೆ ಮದ್ದು, ಬೇರೆ ಸೋಂಕು ಆಗದ್ದ ಹಾಂಗೆ ಆಂಟಿಬಯೋಟಿಕ್, ಮತ್ತೆ ಬೆಶ್ಚಂಗೆ ಮಡುಗುದು. ಎಂಗಳ ಮೂರನೇ ಕುಞ್ಞಿ ಐದು ದಿನ ಹಾಂಗೆ ಜೀವ ಹಿಡ್ಕೊಂಡು ಒಳುದತ್ತು.

ಈ ವೈರಸ್ಸು ನವಗೆ ಬತ್ತಿಲ್ಲೆ, ಆದರೆ ನಮ್ಮ ಕೈ, ಮೆಟ್ಟು, ವಸ್ತ್ರಲ್ಲಿ ಇನ್ನೊಂದು ಪುಚ್ಚೆಗೆ ಹೋಕು. ಒಂದು ವರ್ಷದವರೆಗೂ ಜಾಗೆಲಿ ಒಳಿಗು. ಫೆನೈಲು ನಂಬಲಾಗ, ಅದು ಪುಚ್ಚೆಗೇ ವಿಷ. ಎಂಗೊ ಕುಞ್ಞಿಗೊ ಮನುಗಿದ ಗೋಣಿಯ ಹೊತ್ತುಸಿ, ಜಾಗೆಯ ಸಾಬೂನಿಲಿ ತೊಳದು, ಒಂದು ಪಾಲು ಬ್ಲೀಚಿಂಗೆ ಮೂವತ್ತೆರಡು ಪಾಲು ನೀರು ಸೇರ್ಸಿ ಹತ್ತು ನಿಮಿಷ ಬಿಟ್ಟು ಪುನಾ ತೊಳದೆಯ. ಇಂಜೆಕ್ಷನ್ ಪೂರ್ತಿ ಆಗದ್ದ ಕುಞ್ಞಿಯ ವರ್ಷ ಕಳಿವನ್ನಾರ ತಯಿಂದಿಲ್ಲೆಯ.

ಅತ್ತೆ ಈಗ ಇಲ್ಲೆ, ಅವಕ್ಕೆ ಹೇಳ್ಲೆ ಎಡಿಗಾಯಿದಿಲ್ಲೆ. ಆಚಮನೆ ಅಕ್ಕನ ಹತ್ರೆ ಹೋಗಿ, 'ಅದು ವಿಷ ಅಲ್ಲಡ' ಹೇಳಿ ಪೂರಾ ಹೇಳಿದೆ. ಅವು ರಜ್ಜ ಹೊತ್ತು ಸುಮ್ಮನೆ ಕೂದವು. ಮತ್ತೆ ಹೇಳಿದವು, "ಆ ವರ್ಷ ಎಂಗಳ ಪುಚ್ಚೆಕುಞ್ಞಿಗಳೂ ಸತ್ತಿದು. ಎಂಗೊ ನಿಂಗಳೇ ಹಾಕಿದ್ದು ಹೇಳಿ ಗ್ರೇಶಿತ್ತಿದ್ದೆಯ."