1947ರಲ್ಲಿ ಕೈಕೊಟ್ಟ ಲಸಿಕೆ

ಆಫೀಸಿನ ಫ್ಲೂ ಲಸಿಕೆ ಕ್ಯಾಂಪಿನಲ್ಲಿ ‘ಹೋದ ವರ್ಷ ತಾನೇ ಹಾಕಿಸ್ಕೊಂಡೆನಲ್ಲಾ’ ಅಂತ ಗೊಣಗುವವರು ಥಾಮಸ್ ಫ್ರಾನ್ಸಿಸ್ ಎಂಬ ಅಮೆರಿಕದ ಡಾಕ್ಟರ ಕಥೆ ಕೇಳಬೇಕು. ಎರಡನೇ ಮಹಾಯುದ್ಧದ ಹೊತ್ತಿಗೆ ಸೈನಿಕರಿಗೆ ಫ್ಲೂ ಲಸಿಕೆ ಸಿದ್ಧಮಾಡುವ ಹೊಣೆ ಇವರ ಮೇಲೆ ಬಿತ್ತು. ಜೊತೆಗಿದ್ದ ಶಿಷ್ಯ ಜೋನಸ್ ಸಾಲ್ಕ್, ಮುಂದೆ ಪೋಲಿಯೊ ಲಸಿಕೆಯಿಂದ ಹೆಸರಾದವರು. 1943ರ ಪ್ರಯೋಗವೇನೋ ಗೆದ್ದಿತು.

1947ರಲ್ಲಿ ಅದೇ ಬಗೆಯ ಲಸಿಕೆ ಕೈಕೊಟ್ಟಿತು. ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಲೆಕ್ಕ ಹಾಕಿ ನೋಡಿದರೆ, ಚುಚ್ಚಿಸಿಕೊಂಡವರಿಗೂ ಚುಚ್ಚಿಸಿಕೊಳ್ಳದವರಿಗೂ ಜ್ವರ ಹೆಚ್ಚೂಕಮ್ಮಿ ಒಂದೇ ಪ್ರಮಾಣದಲ್ಲಿ ಬಂದಿತ್ತು! ಲಸಿಕೆ ಕೆಟ್ಟಿರಲಿಲ್ಲ, ವೈರಸ್ಸೇ ಹೊರಮೈಯ ಪ್ರೋಟೀನು ಬದಲಿಸಿಕೊಂಡಿತ್ತು. ಹಳೇ ಗುರುತು ಹಿಡಿದು ಕಾಯುತ್ತಿದ್ದ ಆಂಟಿಬಾಡಿಗಳಿಗೆ ಅದು ಅಪರಿಚಿತ. ತಾನು ಕಟ್ಟಿದ್ದು ಬಿದ್ದಾಗ ತಾನೇ ಅಳೆದು ಪ್ರಕಟಿಸೋದು ಸಣ್ಣ ಮಾತಲ್ಲ ಬಿಡಿ.

ಫ್ರಾನ್ಸಿಸ್ ಅಲ್ಲಿಗೇ ನಿಲ್ಲಲಿಲ್ಲ. ಬೇರೆಬೇರೆ ವಯಸ್ಸಿನವರ ರಕ್ತ ಪರೀಕ್ಷಿಸಿದಾಗ ಇನ್ನೊಂದು ವಿಚಿತ್ರ ಕಂಡಿತು: ಬಾಲ್ಯದಲ್ಲಿ ಮೊದಲು ತಗುಲಿದ ಫ್ಲೂವನ್ನೇ ದೇಹ ಗಟ್ಟಿಯಾಗಿ ನೆನಪಿಟ್ಟುಕೊಂಡಿರುತ್ತೆ. ಹೊಸ ತಳಿ ಬಂದರೂ ಹಳೆಯದರ ಆಂಟಿಬಾಡಿಗಳನ್ನೇ ಜಾಸ್ತಿ ತಯಾರಿಸುತ್ತೆ. 1960ರಲ್ಲಿ, ಕ್ರೈಸ್ತರ ‘ಆದಿಪಾಪ’ದ ಮಾತನ್ನು ಎರವಲು ಪಡೆದು, ಇದಕ್ಕೆ ‘ಆಂಟಿಜೆನ್‌ನ ಆದಿಪಾಪ’ ಅಂತ ಹೆಸರಿಟ್ಟರು.

ಈಗ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ವರ್ಷಕ್ಕೆ ಎರಡು ಸಲ ಕೂತು, ಮುಂದಿನ ಲಸಿಕೆಯಲ್ಲಿ ಯಾವ ತಳಿಗಳಿರಬೇಕು ಅಂತ ಹೇಳುತ್ತಾರೆ.