ಕೋಟಿನ ಒಳಮೈ

ಗೆಳೆಯರೇ, ನಮ್ಮ ಸ್ಟುಡಿಯೋದ ಒಂದು ಗುಟ್ಟನ್ನು ಹೇಳಿಬಿಡುತ್ತೇನೆ. ನಾಟಕದ ರಾಜನಿಗೆ ಅಂಗಿ ಸಡಿಲವಾದರೆ ನಾವು ಅದನ್ನು ಬಿಚ್ಚಿ ಹೊಲಿಸುವ ಗೋಜಿಗೆ ಹೋಗುವುದಿಲ್ಲ. ಬೆನ್ನಿನ ಕಡೆ ನಾಲ್ಕು ಪಿನ್ನು ಚುಚ್ಚಿ ಕ್ಯಾಮೆರಾದ ಮುಂದೆ ನಿಲ್ಲಿಸುತ್ತೇವೆ. ಕ್ಯಾಮೆರಾ ಕಾಣದ್ದನ್ನು ವೀಕ್ಷಕರೂ ಕಾಣರು. ವಿಡಿಯೋ ಗೇಮಿನ ಉಡುಪು ಇದಕ್ಕಿಂತ ಒಂದು ಹೆಜ್ಜೆ ಮುಂದೆ. ಅದಕ್ಕೆ ಪಿನ್ನೂ ಬೇಡ, ದಾರವೂ ಬೇಡ.

ಯೂಬಿಸಾಫ್ಟ್ ಸಂಸ್ಥೆ 2015ರಲ್ಲಿ ಹೊರತಂದ ‘ಅಸ್ಯಾಸಿನ್ಸ್ ಕ್ರೀಡ್ ಸಿಂಡಿಕೇಟ್’ ಆಟವನ್ನು ನಿಮ್ಮಲ್ಲಿ ಕೆಲವರು ಆಡಿರಬಹುದು. ಕಥೆ ನಡೆಯುವುದು 1868ರ ಲಂಡನ್ನಿನಲ್ಲಿ. ನಾಯಕ ಜೇಕಬ್ ಫ್ರೈ ಗಾಢ ಬಣ್ಣದ ಉದ್ದ ಕೋಟು ತೊಟ್ಟು ಗೋಡೆ ಏರುತ್ತಾನೆ, ಮಾಳಿಗೆಯಿಂದ ಹಾರುತ್ತಾನೆ. ಆದರೂ ಕೋಟಿನ ಕಂಕುಳು ಹರಿಯುವುದೇ ಇಲ್ಲ! ಅಂಥದೇ ಒಂದು ಕೋಟನ್ನು ದಿನನಿತ್ಯದ ಬಳಕೆಗೆ ಹೊಲಿಯಹೊರಟವರಿಗೆ ಮೊದಲ ಪಾಠ ಸಿಗುವುದು ಇಲ್ಲಿಯೇ.

ಆಯುಧದ ಪಟ್ಟಿಗಳನ್ನು ಕೈಬಿಡಬಹುದು. ಕಾಲರು, ಸೊಂಟದ ಹಿಡಿತ, ಬೆನ್ನಿನ ಸೀಳು ಇಷ್ಟು ಉಳಿದರೆ ಕೋಟಿನ ಗುರುತು ಉಳಿಯುತ್ತದೆ. ಆದರೆ ಬಟ್ಟೆ ನೇಯ್ದ ವಸ್ತು. ಎಳೆಗಳ ನೇರಕ್ಕೆ ಜಗ್ಗಿದರೆ ಅಷ್ಟಾಗಿ ಹಿಗ್ಗದು, ಓರೆಯಾಗಿ ಜಗ್ಗಿದರೆ ಹಿಗ್ಗುತ್ತದೆ. ಆದ್ದರಿಂದ ಮೊದಲು ಹಳೆಯ ಹೊದಿಕೆಯೊಂದರಲ್ಲಿ ಮಾದರಿ ಕತ್ತರಿಸಿ, ಕಚ್ಚಾ ಹೊಲಿಗೆ ಹಾಕಿ, ತೊಟ್ಟು, ಕೈ ಮೇಲೆತ್ತಿ ನೋಡಬೇಕು. ತೋಳಿನ ಮೇಲ್ತುದಿಯ ಸುತ್ತಳತೆ ಅದನ್ನು ಕೂಡಿಸುವ ಕಂಡಿಯ ಸುತ್ತಳತೆಗಿಂತ ತುಸು ಹೆಚ್ಚಿರಬೇಕು. ಆ ಹೆಚ್ಚುವರಿಯನ್ನು ನೆರಿಗೆ ಕಾಣದಂತೆ ಅಡಗಿಸುವುದೇ ದರ್ಜಿಯ ಜಾಣ್ಮೆ. ಬೆನ್ನಿನ ಸೀಳೂ ಬರಿಯ ಅಲಂಕಾರವಲ್ಲ. ಕುದುರೆಯ ಮೇಲೆ ಕುಳಿತಾಗ ಅಂಚು ಎರಡೂ ಬದಿಗೆ ಇಳಿಯಲೆಂದು ಅದು ಬಂದಿತು. ಇಂದು ಸ್ಕೂಟರಿಗೂ ಒದಗುತ್ತದೆ.

ಸರಿ, 1868ರಲ್ಲಿ ಇಂಥ ಕೋಟುಗಳನ್ನು ಹೊಲಿದವರು ಯಾರು? ಉತ್ತರ ಹುಡುಕಲು ತುಸು ಹಿಂದೆ ಹೋಗೋಣ. 1843ರಲ್ಲಿ ಕವಿ ಥಾಮಸ್ ಹುಡ್ ಲಂಡನ್ನಿನ ‘ಪಂಚ್’ ಪತ್ರಿಕೆಯಲ್ಲಿ ಬಡ ಹೊಲಿಗೆಗಾರ್ತಿಯೊಬ್ಬಳ ಪಾಡನ್ನು ಕುರಿತು ಬರೆದ ಪದ್ಯ ಓದುಗರನ್ನು ಕಲಕಿತು. 1846ರಲ್ಲಿ ಅಮೆರಿಕದ ಎಲಿಯಾಸ್ ಹೋವ್ ತನ್ನ ಹೊಲಿಗೆಯಂತ್ರಕ್ಕೆ ಪೇಟೆಂಟ್ ಪಡೆದ. ಅದರ ಸೂಜಿಗೆ ಕಣ್ಣು ಇದ್ದದ್ದು ಮೊನೆಯ ಬಳಿ. ಸೂಜಿ ಬಟ್ಟೆಯನ್ನು ದಾಟಿ ದಾರದ ಕುಣಿಕೆ ಬಿಡುತ್ತದೆ, ಲಾಳಿಯೊಂದು ಎರಡನೆಯ ದಾರವನ್ನು ಆ ಕುಣಿಕೆಯೊಳಗೆ ತೂರಿಸುತ್ತದೆ. ಅಲ್ಲಿಗೆ ಹೊಲಿಗೆ ಬಿಗಿಯಾಯಿತು.

ಪರಿಣಾಮವೇನು? ವೀಲರ್ ಅಂಡ್ ವಿಲ್ಸನ್ ಎಂಬ ಯಂತ್ರ ತಯಾರಕರು 1860ರ ಸುಮಾರಿನಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಒಂದು ಉದ್ದ ಕೋಟನ್ನು ಕೈಯಲ್ಲಿ ಹೊಲಿಯಲು 16 ಗಂಟೆ 35 ನಿಮಿಷ ಬೇಕು. ಯಂತ್ರದಲ್ಲಾದರೆ 2 ಗಂಟೆ 38 ನಿಮಿಷ ಸಾಕು. ಮಾರುವವರ ಲೆಕ್ಕವೇ ಇರಲಿ, ವೇಗ ಆರು ಪಟ್ಟಿಗೂ ಹೆಚ್ಚು.

ಹಾಗಾದರೆ ಹೊಲಿಯುವವರಿಗೆ ಬಿಡುವು ಸಿಕ್ಕಿತೇ? ಇಲ್ಲ. ಕೂಲಿ ಗಂಟೆಗಲ್ಲ, ಉಡುಪಿನ ಲೆಕ್ಕಕ್ಕೆ. ಇಕ್ಕಟ್ಟಿನ ಕೋಣೆಗಳಲ್ಲಿ ಅಲ್ಪ ಕೂಲಿಗೆ ದುಡಿಯುವ ಪದ್ಧತಿ ಬೆಳೆಯಿತು. 1888ರಲ್ಲಿ ಬ್ರಿಟನ್ನಿನ ಮೇಲ್ಮನೆ ಇದರ ವಿಚಾರಣೆಗೆ ಸಮಿತಿ ನೇಮಿಸಬೇಕಾಯಿತು. ಸಿದ್ಧ ಉಡುಪಿನ ಹೊಲಿಗೆಯೂ ಸೇರಿದಂತೆ ಕೆಲವು ಕಸುಬುಗಳಿಗೆ ಕನಿಷ್ಠ ಕೂಲಿ ಗೊತ್ತುಪಡಿಸುವ ಕಾನೂನು ಬಂದದ್ದು 1909ರಲ್ಲಿ. ಯಂತ್ರ ಸಮಯವನ್ನು ಉಳಿಸಿತು, ನಿಜ. ಉಳಿದ ಸಮಯ ಯಾರಿಗೆ ಸೇರಬೇಕೆಂಬುದನ್ನು ಮನುಷ್ಯರೇ ಹೋರಾಡಿ ತೀರ್ಮಾನಿಸಬೇಕಾಯಿತು.

ಆಟದಲ್ಲಿ ಜೇಕಬ್ ಕಾರ್ಖಾನೆಗಳಿಂದ ಬಾಲಕಾರ್ಮಿಕರನ್ನು ಬಿಡಿಸುತ್ತಾನೆ. ಆದರೆ ಅವನ ಕೋಟಿನ ಹೊಲಿಗೆಯ ಹಿಂದೆ ಯಾವ ಕೈಯೂ ಇಲ್ಲ. ನಾವು ಅದನ್ನು ಹೊಲಿಯತೊಡಗಿದಾಗಲೇ ಆ ಕೈಗಳ ನೆನಪಾಗುವುದು.

ಇಂದು ಸಂಜೆ ನಿಮ್ಮದೊಂದು ಅಂಗಿಯನ್ನು ಒಳಮಗ್ಗಲು ತಿರುಗಿಸಿ. ಒಂದು ಅಂಗುಲಕ್ಕೆ ಎಷ್ಟು ಹೊಲಿಗೆಗಳಿವೆ, ಎಣಿಸಿ. ಹೊಲಿಗೆಯ ಒಟ್ಟು ಉದ್ದ ಅಳೆದು ಗುಣಿಸಿ. ಬಂದ ಸಂಖ್ಯೆಯನ್ನು ಅಂಗಿಯ ಬೆಲೆಯ ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ.